ನಾಳೆ ಬೆಳಿಗ್ಗೆ ಆಪರೇಷನ್

ಮೊದಲು ಮೌನೇಶನ ಕಣ್ಣಿಗೆ ಬಿದ್ದದ್ದು ಒಂದು ಅಲ್ಪವಿರಾಮ. ಅದನ್ನು ಅವನು ಅಲ್ಲಿ ಹಾಕಿರಲಿಲ್ಲ. ಯಾರೋ, ಎಲ್ಲೋ, ಆ ಇಂಗ್ಲಿಷ್ ಇ-ಮೇಲನ್ನು ಮುಂದಕ್ಕೆ ದಾಟಿಸುವಾಗ ತಮ್ಮ ಇಂಗ್ಲಿಷನ್ನು ಮೆರೆಸಲು 'ನಾಳೆ ಬೆಳಿಗ್ಗೆ' ಎಂಬುದರ ಮುಂದೆ ಒತ್ತಿಬಿಟ್ಟಿದ್ದರು, ಅಷ್ಟಕ್ಕೇ ವಾಕ್ಯದ ಉಸಿರು ಕೆಟ್ಟಿತ್ತು. ಬಿಟಿಎಂ ಎರಡನೇ ಹಂತದ ಆ ಆಫೀಸಿನಲ್ಲಿ, ಕಾಫಿಯ ಲೋಟ ಕೀಬೋರ್ಡಿನ ಪಕ್ಕದಲ್ಲಿ ಆರುತ್ತಿರುವಾಗ, ಅವನು ಅದನ್ನು ಮನಸ್ಸಿನಲ್ಲೇ ಅಳಿಸಿ ಇನ್ನೊಮ್ಮೆ ಓದಿಕೊಂಡ. ಸರಿಹೋಯಿತು. 'ನಾಳೆ ಬೆಳಿಗ್ಗೆ ಐದು ವರ್ಷದ ಸ್ಪಂದನಾಳ ಪುಟ್ಟ ಎದೆಯನ್ನು ಡಾಕ್ಟರು ತೆರೆಯಲಿದ್ದಾರೆ. ಅವಳಿಗೆ ಅದು ಗೊತ್ತಿಲ್ಲ. ನಾಳೆ ಸ್ಕೂಲಿಗೆ ರಜೆ ಎಂದಷ್ಟೇ ಅವಳಿಗೆ ಗೊತ್ತು.' ಅದರ ಕೆಳಗೆ, ಬಿ ನೆಗೆಟಿವ್ ರಕ್ತ ಬೇಕಾಗಿದೆ ಎಂಬ ಮಾತು, ತಂದೆ ರೇವಣಸಿದ್ದಪ್ಪನವರ ಮೊಬೈಲ್ ನಂಬರು. ಅದಕ್ಕೂ ಕೆಳಗೆ ದಪ್ಪಕ್ಷರದಲ್ಲಿ, 'ದಯವಿಟ್ಟು ಡಿಲೀಟ್ ಮಾಡಬೇಡಿ, ನಿಮ್ಮದೇ ಮಗು ಎಂದುಕೊಳ್ಳಿ.' ಈ ಕೊನೆಯ ಸಾಲೂ ಅವನದಲ್ಲ. ಇಷ್ಟು ಅಗ್ಗದ ಸಾಲನ್ನು ಅವನು ಬರೆಯುವವನಲ್ಲ. ಈ ಸಲ ಅದನ್ನು ಕಳಿಸಿದ್ದವನು ಡಿಗ್ರಿಯಲ್ಲಿ ಜೊತೆಗಿದ್ದ ಒಬ್ಬ ಗೆಳೆಯ. ಅವನಿಗೆ ಪುಣೆಯ ಯಾವುದೋ ಬ್ಯಾಂಕಿನಿಂದ ಬಂದಿತ್ತು, ಪುಣೆಗೆ ದುಬೈಯಿಂದ. ಐದು ವರ್ಷದಿಂದ ಹೀಗೇ ಊರೂರು ಸುತ್ತಿ, ವರ್ಷಕ್ಕೆ ಒಂದೆರಡು ಸಲ ಅದು ಬರೆದವನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

ಬಂದಾಗಲೆಲ್ಲ ಅವನೊಳಗೆ ಮೊದಲು ಏಳುತ್ತಿದ್ದದ್ದು ಸಂತೋಷ. ಇದನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ, ಹೆಂಡತಿ ವಿಜಯಲಕ್ಷ್ಮಿಯ ಹತ್ತಿರವೂ. ಯಾವುದೋ ದೂರದ ಸಂತೆಯಲ್ಲಿ ತಾನು ಹೊಲಿದ ಅಂಗಿ ತೊಟ್ಟವನು ಎದುರಾದರೆ ದರ್ಜಿಗೆ ಆಗುವಂಥ ಸಂತೋಷ. ಅದರ ಬೆನ್ನಿಗೇ ನಾಚಿಕೆ ಬರುತ್ತಿತ್ತು. ನಾಚಿಕೆಯ ಬೆನ್ನಿಗೆ, ನನಗಿನ್ನೂ ನಾಚಿಕೆಯಾದರೂ ಆಗುತ್ತದಲ್ಲ ಎಂಬ ಸಮಾಧಾನ. ಅಲ್ಲಿಗೆ ಅದು ಮುಗಿಯುತ್ತಿತ್ತು. ಆಮೇಲೆ ಅವನು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಬರೆಯಲು ಕೂರುತ್ತಿದ್ದ. ಆ ಕಂಪನಿಯ ಕೆಲಸವೇ ಅದು. ಜನರಿಗೆ ಕಾಯಿಲೆಗಳ ಬಗ್ಗೆ ಅರಿವು ಮೂಡಿಸುವ ಮೇಲ್‌ಗಳು, ಆರ್ಕುಟ್ ಕಮ್ಯುನಿಟಿಗಳು, ಬ್ಯಾನರುಗಳು. ಅಲ್ಲಿ ಅವನು ಎಲ್ಲರಿಗಿಂತ ಹಳಬ, ಎಲ್ಲರಿಗಿಂತ ಚೆನ್ನಾಗಿ ಬರೆಯುವವ, ಹಾಗೂ ಇನ್ನೂ ಟೀಮ್ ಲೀಡ್ ಆಗದವ.

ಆ ಮೇಲ್ ಬರೆದಾಗ ಅವನಿದ್ದದ್ದು ತಿಲಕ್ ನಗರದಲ್ಲಿ, ರೇವಣಸಿದ್ದಪ್ಪನವರ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ. ರಸ್ತೆಗೆ ಮುಖ ಮಾಡಿ ಅವರ ಮೋಟಾರ್ ರಿವೈಂಡಿಂಗ್ ಅಂಗಡಿ, ಹಿಂದೆ ಮನೆ. ಲಿಂಗಸುಗೂರಿನಿಂದ ಬಂದ ಹೊಸದರಲ್ಲಿ ಅವನ 'ಹೌದ್ರಿ, ಇಲ್ರಿ'ಗೆ ಬೆಂಗಳೂರೆಲ್ಲ ನಕ್ಕಿತ್ತು. ಆ ಮನೆಯಾಕೆ ಶಾಂತಾದೇವಿ ಮಾತ್ರ ನಗದೆ, ರೊಟ್ಟಿ ತನಗೆ ಬರುವುದಿಲ್ಲವೆಂದು ಹೇಳಿ, ಚಪಾತಿಯನ್ನೇ ರೊಟ್ಟಿಯಷ್ಟು ಒರಟಾಗಿ ಮಾಡಿ ಕಳಿಸುತ್ತಿದ್ದರು. ತಟ್ಟೆ ತರುತ್ತಿದ್ದವಳು ಮಗಳು ಸ್ಪಂದನಾ. ಮೆಟ್ಟಿಲು ಹತ್ತಿ ಬಂದರೆ ಅವಳಿಗೆ ಉಸಿರು ಕಟ್ಟುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು, ಆದರೂ ತಟ್ಟೆಯನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಹೃದಯದಲ್ಲಿ ತೂತು. ಆಪರೇಷನ್ ಎಂದು ನಿಶ್ಚಯವಾದಾಗ ಅವಳಿಗೆ ಹನ್ನೊಂದು ತುಂಬಿತ್ತು. ರಕ್ತವೋ ಸುಲಭಕ್ಕೆ ಸಿಗದ ಗುಂಪಿನದು. ರೇವಣಸಿದ್ದಪ್ಪನವರು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡು, ಇದನ್ನ ನಿಮ್ಮ ಕಂಪ್ಯೂಟರಲ್ಲಿ ನಾಲ್ಕು ಜನಕ್ಕೆ ಹಾಕ್ತೀಯಾ, ಎಂದು ಮೇಲೆ ಬಂದಿದ್ದರು. ಮಗಳ ವಯಸ್ಸು, ಆಪರೇಷನ್ನಿನ ತಾರೀಖು, ವಾರ, ವಾರ್ಡು, ಡಾಕ್ಟರ ಹೆಸರು, ಎಲ್ಲವೂ ಅದರಲ್ಲಿತ್ತು. ಎಲ್ಲವೂ ನಿಜವಾಗಿತ್ತು, ಕರೆಂಟ್ ಬಿಲ್ಲಿನ ಹಾಗೆ. ಇದನ್ನು ಯಾರೂ ಕೊನೆಯವರೆಗೆ ಓದುವುದಿಲ್ಲವೆಂದು ಮೌನೇಶನಿಗೆ ನೋಡಿದ ಕೂಡಲೇ ಗೊತ್ತಾಯಿತು. ಅವನು ತಾರೀಖನ್ನು ಹೊಡೆದುಹಾಕಿದ. ಗುರುವಾರ ಅಂತ ಬರೆದರೆ ಶುಕ್ರವಾರ ತೆಗೆದವನು ಬಿಸಾಕುತ್ತಾನೆ ಅಣ್ಣಾ, ನಾಳೆ ಅಂದರೆ ಕೈ ನಡುಗುತ್ತದೆ, ಎಂದ. ಆಮೇಲೆ ಹನ್ನೊಂದನ್ನು ಐದು ಮಾಡಿದ. ಹನ್ನೊಂದು ವರ್ಷದ ಹುಡುಗಿ ಎಂದರೆ ಓದುವವನ ಕಣ್ಣ ಮುಂದೆ ಏನೂ ಬರುವುದಿಲ್ಲ, ಉದ್ದಕ್ಕೆ ಬೆಳೆದ ಯಾವುದೋ ಕಾಲು ಕೈ ಅಷ್ಟೇ. ಐದು ಎಂದರೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಹಳೆಯ ಆಲ್ಬಮ್ಮಿನಿಂದ ಅವಳು ಐದು ವರ್ಷದವಳಿದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ್ದ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟ ಫೋಟೋವನ್ನು ಕೇಳಿ ತೆಗೆದುಕೊಂಡ. "ಸುಳ್ಳಾಗಲ್ವೇನೋ?" ಎಂದಿದ್ದರು ರೇವಣಸಿದ್ದಪ್ಪನವರು. "ರಕ್ತ ಬರ್ಲಿ ಅಣ್ಣಾ, ಆಮೇಲೆ ನೋಡೋಣ" ಎಂದಿದ್ದ ಅವನು. ಅವರು ಸುಮ್ಮನಾದರು. ಮಗಳ ಎದೆ ತೆರೆಯುವ ಹೊತ್ತಿನಲ್ಲಿ ಅಪ್ಪನಾದವನು ಯಾವುದಕ್ಕೆ ತಾನೇ ಬೇಡ ಎನ್ನುತ್ತಾನೆ.

ರಕ್ತ ಬಂತು. ಬೇಕಾದ್ದಕ್ಕಿಂತ ಹೆಚ್ಚು ಬಂತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಪರಿಚಿತರು ಸಾಲುಗಟ್ಟಿದ್ದರು, ಟೈ ಕಟ್ಟಿದವರು, ಹೆಲ್ಮೆಟ್ ಹಿಡಿದವರು, ಬೊಂಬೆ ತಂದವರು. ಸೂಜಿ ಚುಚ್ಚಿಸಿಕೊಂಡು, ತೋಳು ಮಡಚಿಕೊಂಡೇ, ಮಗುವನ್ನು ಒಮ್ಮೆ ನೋಡಬಹುದಾ ಎನ್ನುತ್ತಿದ್ದರು. ಬಾಗಿಲಲ್ಲಿ ನಿಂತು ಒಳಗೆ ಕಣ್ಣು ಹಾಯಿಸಿದ ಕೂಡಲೇ ಅವರ ಮುಖದಲ್ಲಿ ಏನೋ ಒಂದು ಸಣ್ಣಗೆ ಆರಿಹೋಗುತ್ತಿತ್ತು. ಮಂಚದ ತುದಿಯವರೆಗೂ ಕಾಲು ಚಾಚಿ ಮಲಗಿದ್ದ, ಎರಡು ಜಡೆಯ, ಮೂಗಿನ ಮೇಲೆ ಮೊಡವೆಯೊಂದು ಎದ್ದಿದ್ದ ಹುಡುಗಿ. ಕರಡಿಮರಿಯ ಬೊಂಬೆಯನ್ನು ಅವರು ಯಾರಿಗೆ ಕೊಡುವುದೆಂದು ತಿಳಿಯದೆ ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ಸ್ಪಂದನಾ ಅದನ್ನು ನೋಡುತ್ತಿದ್ದಳು. "ಅವ್ರಿಗೆ ನಾನು ಸಾಕಾಗ್ಲಿಲ್ವಾ ಮೌನೇಶಣ್ಣ?" ಎಂದು ಕೇಳಿದ್ದಳು, ನಗುತ್ತಲೇ. ಅವನೂ ನಗುತ್ತಲೇ ಹೇಳಿದ್ದ, ತಮಾಷೆಯೆಂಬಂತೆ, ಆದರೆ ತಮಾಷೆಗಲ್ಲದೆ: "ಮಂದಿ ಬಂದಾಗ ಸ್ವಲ್ಪ ಕಾಲು ಮಡಚ್ಕೊಂಡು ಮಲ್ಕೋ ಪುಟ್ಟಿ." ಮುಂದಿನವರು ಬಂದಾಗ ಅವಳು ಹೊದಿಕೆಯೊಳಗೆ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡಳು. ಅದರ ಮುಂದಿನವರು ಬಂದಾಗಲೂ. ಮೌನೇಶ ಆ ಹೊದಿಕೆಯ ಉಬ್ಬನ್ನು ನೋಡುತ್ತ ನಿಂತಿದ್ದ, ಸರಿಯಾಗಿ ಕಾಣುತ್ತಿದೆಯೇ ಎಂದು. ಆಪರೇಷನ್ ಆದ ಮೇಲೆ ಅವಳು ಕಣ್ಣು ಬಿಡಲಿಲ್ಲ. ಯಾರದೂ ತಪ್ಪಿರಲಿಲ್ಲ, ರಕ್ತದ್ದಂತೂ ಅಲ್ಲವೇ ಅಲ್ಲ. ಅವನು ತಿಥಿಯಾದ ಮೇಲೆ ಒಂದು ತಿಂಗಳು ಆ ಮನೆಯಲ್ಲಿದ್ದು, ಆಫೀಸು ದೂರವಾಗುತ್ತದೆ ಎಂದು ಹೇಳಿ ಪುಟ್ಟೇನಹಳ್ಳಿಗೆ ಮನೆ ಬದಲಾಯಿಸಿದ. ಪುಟ್ಟೇನಹಳ್ಳಿ ಆಫೀಸಿಗೆ ಇನ್ನೂ ದೂರವಿತ್ತು. ಶಾಂತಾದೇವಿಗೆ ಅದು ಗೊತ್ತಿತ್ತು. ಹೋಗಿಬಾ ಎಂದಿದ್ದರು.

"ಮೌನೇಶ್, ಮೀಟಿಂಗು" ಎಂದು ಮಧುಮತಿ ಪಕ್ಕದ ಕುರ್ಚಿಯಿಂದ ಏಳುತ್ತ ಕರೆದಳು. ಒಳಗೆ ಎ.ಸಿ.ಯ ಚಳಿ. ಗಿರಿಜಾದೇವಿ ಆಗಲೇ ಬಂದು ಕೂತಿದ್ದರು. ಹಿಂದೆ ಜಾಹೀರಾತು ಕಂಪನಿಯೊಂದರಲ್ಲಿ ಸೋಪು ಮಾರುತ್ತಿದ್ದವರು, ಈಗ ಇಲ್ಲಿ ಎಲ್ಲರ ಮೇಲಿನವರು. ಅಕ್ಟೋಬರ್ ತಿಂಗಳ ರಕ್ತದಾನದ ಅಭಿಯಾನಕ್ಕೆ ಮೇಲ್ ಬರೆಯಬೇಕಿತ್ತು, ಜಯನಗರದಲ್ಲಿ ಒಂದು ಹಾಲ್ ಕೂಡ ಗೊತ್ತುಮಾಡಿ ಆಗಿತ್ತು. "ಅರಿವು ಅನ್ನೋದು ವಿಷಯದಲ್ಲಿಲ್ಲ, ಟೈಮಿಂಗಲ್ಲಿದೆ" ಎಂದರು ಗಿರಿಜಾದೇವಿ. "ಸೋಮವಾರ ಬೆಳಿಗ್ಗೆ ನೀವು ಏನೇ ಕಳಿಸಿ, ಯಾರೂ ತೆಗಿಯಲ್ಲ. ಬುಧವಾರ ಊಟ ಆದ್ಮೇಲೆ ಕಳಿಸಿ. ಹೊಟ್ಟೆ ತುಂಬಿರೋವಾಗ ಜನಕ್ಕೆ ಕರುಣೆ ಬರುತ್ತೆ." ಎಲ್ಲರೂ ನಕ್ಕರು, ಮೌನೇಶನೂ. "ಈಗ ಇದನ್ನ ನೋಡಿ. ನೆನ್ನೆ ನನಗೆ ಬಂತು." ಅವರು ಸೇತುರಾಮನಿಗೆ ಸನ್ನೆ ಮಾಡಿದರು. ಬಿಳಿಯ ಗೋಡೆಯ ಮೇಲೆ ಆಳೆತ್ತರಕ್ಕೆ ಅದು ಬಂದು ನಿಂತಿತು, ಅಲ್ಪವಿರಾಮದ ಸಮೇತ, ದೃಷ್ಟಿಬೊಟ್ಟಿನ ಫೋಟೋದ ಸಮೇತ.

"ಇದರಲ್ಲಿ ಏನಿಲ್ಲ, ಹೇಳಿ?"

"ಆಸ್ಪತ್ರೆ ಹೆಸರಿಲ್ಲ ಮೇಡಂ" ಎಂದಳು ಮಧುಮತಿ.

"ಅದಲ್ಲ. ತಾರೀಖಿಲ್ಲ. ಯಾವತ್ತು ತೆಗೆದ್ರೂ ಆಪರೇಷನ್ ನಾಳೆನೇ. ಹೋದ ವರ್ಷದ್ದೋ, ಹೋದ ವಾರದ್ದೋ, ದೇವ್ರಿಗೇ ಗೊತ್ತು. ಬರೆದೋನು ಒಂದೋ ಶುದ್ಧ ದಡ್ಡ, ಮರ್ತುಬಿಟ್ಟಿದ್ದಾನೆ. ಇಲ್ಲಾ ಈ ರೂಮಲ್ಲಿರೋ ನಮ್ಮೆಲ್ಲರಿಗಿಂತ ಬುದ್ಧಿವಂತ."

ದಡ್ಡ ಎಂಬ ಮಾತು ಇಲ್ಲದಿದ್ದರೆ ಮೌನೇಶ ಬಹುಶಃ ಬಾಯಿ ಮುಚ್ಚಿಕೊಂಡೇ ಕೂತಿರುತ್ತಿದ್ದ. ಸೇತುರಾಮ ಕಿಸಕ್ಕನೆ ನಕ್ಕು "ದಡ್ಡನೇ ಇರ್ಬೇಕು ಮೇಡಂ" ಎಂದ. ಹೋದ ತಿಂಗಳು ತನಗಿಂತ ಎರಡು ವರ್ಷ ಕಿರಿಯನಾದ ಇವನನ್ನೇ ಟೀಮ್ ಲೀಡ್ ಮಾಡಿದ್ದರು. ಮೌನೇಶನ ಕಿವಿ ಬಿಸಿಯಾಯಿತು. ಯಾರೋ ಬೇರೆಯವರ ಗಂಟಲಿನಿಂದ ಬಂದಂತೆ ಮಾತು ಬಂತು. "ನಾನೇ ಬರೆದಿದ್ದು ಮೇಡಂ."

ಕುರ್ಚಿಗಳು ಅವನ ಕಡೆ ತಿರುಗಿದವು. ಅವನು ಹೇಳಿದ, ತಾರೀಖನ್ನು ಯಾಕೆ ತೆಗೆದೆ, 'ಅವಳಿಗೆ ಅದು ಗೊತ್ತಿಲ್ಲ' ಎಂಬುದನ್ನು ಯಾಕೆ ಬೇರೆ ವಾಕ್ಯ ಮಾಡಿದೆ, ಸ್ಕೂಲಿನ ರಜೆಯನ್ನು ಯಾಕೆ ಕೊನೆಗಿಟ್ಟೆ. ಹೇಳುತ್ತ ಹೇಳುತ್ತ ಕೈ ಬೀಸತೊಡಗಿದ. ವಯಸ್ಸಿನ ವಿಷಯವನ್ನು ಹೇಳಲಿಲ್ಲ. ಗಿರಿಜಾದೇವಿ ಕನ್ನಡಕ ತೆಗೆದು ಅವನನ್ನು ನೋಡಿದರು. ಮೂರು ವರ್ಷದಲ್ಲಿ ಅವರು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಆಗ ಮಧುಮತಿ ಕೇಳಿದಳು, ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದ: "ಮಗು ಉಳ್ಕೊಳ್ತಾ?"

ಎಲ್ಲರ ಮುಖಗಳೂ ಸ್ವಲ್ಪ ಮುಂದಕ್ಕೆ ಬಾಗಿದ್ದವು. ಅವನಿಗೆ ಆ ಮುಖಗಳು ಗೊತ್ತಿದ್ದವು. ಅವುಗಳನ್ನು ಓದುವುದೇ ಅವನ ಕಸುಬು. ಎಲೆ ಹಾಕಿ ಕೂತವರ ಮುಂದೆ ಪಾಯಸದ ಪಾತ್ರೆ ಹಿಡಿದು ನಿಂತಿದ್ದಾನೆ, ಇಲ್ಲ ಎಂದು ಪಾತ್ರೆಯನ್ನು ಒಳಗೆ ಒಯ್ಯುವುದು ಹೇಗೆ. ಸತ್ತಳು ಎಂದರೆ ಈಗ ಹೇಳಿದ್ದೆಲ್ಲ, ಆ ಬೇರೆ ವಾಕ್ಯ, ಆ ಕೊನೆಯ ರಜೆ, ಎಲ್ಲವೂ ಬೇರೆಯದೇ ಆಗಿ ಕಾಣುತ್ತಿತ್ತು. "ಉಳಿದ್ಳು" ಎಂದ ಮೌನೇಶ. "ಆರಾಮಾಗಿದ್ದಾಳೆ."

ಚಪ್ಪಾಳೆ ಬಿತ್ತು. ಗಿರಿಜಾದೇವಿ ಚಪ್ಪಾಳೆ ತಟ್ಟಲಿಲ್ಲ, ಮೇಜಿನ ಮಧ್ಯದಲ್ಲಿದ್ದ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಗೋಡೆಯನ್ನು ನೋಡುತ್ತ ಒಂದೊಂದೇ ಅಂಕಿ ಒತ್ತತೊಡಗಿದಾಗ ಅವರೇನು ಮಾಡುತ್ತಿದ್ದಾರೆಂದು ಅವನಿಗೆ ಮೊದಲು ಹೊಳೆಯಲೇ ಇಲ್ಲ. ಹೊಳೆದಾಗ ಸ್ಪೀಕರಿನಲ್ಲಿ ರಿಂಗ್ ಕೇಳುತ್ತಿತ್ತು. ಎದ್ದು ಹೊರಗೆ ಹೋಗಬಹುದಿತ್ತು, ಹೊಟ್ಟೆನೋವು ಎನ್ನಬಹುದಿತ್ತು. ಅವನು ಪೆನ್ನಿನ ಮುಚ್ಚಳವನ್ನು ಹಾಕಿ, ತೆಗೆದು, ಹಾಕಿದ. ನಂಬರು ಬದಲಾಗಿರಲಿ ಎಂದು ಊರಿನ ದೇವರಿಗೆ ಹರಕೆ ಹೊತ್ತ. ಆ ಕಡೆ ಫೋನ್ ಎತ್ತಿದರು.

"ಹಲೋ" ಎಂದ ದನಿ ಶಾಂತಾದೇವಿಯದೇ. ಹಿಂದೆ ಕುಕ್ಕರು ಕೂಗುತ್ತಿತ್ತು.

"ನಮಸ್ಕಾರಮ್ಮ, ಒಂದು ಮೇಲ್ ನೋಡಿ ಫೋನ್ ಮಾಡ್ತಿದ್ದೀನಿ. ಸ್ಪಂದನಾ ಅಂತ…"

ಕುಕ್ಕರಿನ ಸದ್ದು ನಿಂತಿತು. ಒಂದು ಕ್ಷಣ ಏನೂ ಕೇಳಲಿಲ್ಲ. "ಹಾಂ ಮೇಡಂ. ರಕ್ತ ಸಿಕ್ತು. ಆಪರೇಷನ್ ಚೆನ್ನಾಗಾಯ್ತು. ಈಗ ಆರಾಮಾಗಿದ್ದಾಳೆ."

ಮಧುಮತಿ ಕಣ್ಣೊರೆಸಿಕೊಂಡಳು. ಮೌನೇಶ ಗೋಡೆಯ ಮೇಲಿನ ಫೋಟೋ ನೋಡುತ್ತಿದ್ದ. ತಾನು ಯಾವ ಮನೆಗೆ ಬಂದಿದ್ದೇನೆ, ಯಾರ ಮಾತು ಕೇಳುತ್ತಿದ್ದೇನೆ ಎಂದು ತಿಳಿಯದವನ ಹಾಗೆ.

"ತುಂಬಾ ಸಂತೋಷ ಅಮ್ಮ. ಸ್ಕೂಲಿಗೆ ಹೋಗ್ತಾಳಾ?"

"ಹೋಗ್ತಾಳೆ. ಒಂದನೇ ಕ್ಲಾಸು. ಈಗ ಸ್ಕೂಲಲ್ಲೇ ಇದ್ದಾಳೆ."

ಒಂದನೇ ಕ್ಲಾಸು. ಇದ್ದಿದ್ದರೆ ಈ ವರ್ಷ ಕಾಲೇಜಿಗೆ ಸೇರುತ್ತಿದ್ದಳು. ಶಾಂತಾದೇವಿ ಹೇಳುತ್ತಿದ್ದದ್ದು ತಮ್ಮ ಮಗಳ ಬಗ್ಗೆ ಅಲ್ಲ. ಅವನು ಮಾಡಿಕೊಟ್ಟಿದ್ದ ಐದು ವರ್ಷದ ಆ ಇನ್ನೊಂದು ಹುಡುಗಿಯ ಬಗ್ಗೆ. ತಾರೀಖಿಲ್ಲದ್ದರಿಂದ ಅವಳಿಗೆ ವಯಸ್ಸಾಗಿರಲಿಲ್ಲ; ಯಾರು ಯಾವಾಗ ಕೇಳಿದರೂ ಅವಳು ಆಗಷ್ಟೇ ಆಸ್ಪತ್ರೆಯಿಂದ ಬಂದು, ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದಳು. ಗಿರಿಜಾದೇವಿ ಹೇಳುತ್ತಿದ್ದರು, "ಇದನ್ನ ಬರೆದ ಮೌನೇಶ್ ನಮ್ಮಲ್ಲೇ ಕೆಲ್ಸ ಮಾಡ್ತಾರೆ. ಇಲ್ಲೇ ಕೂತಿದ್ದಾರೆ ನೋಡಿ. ಮಾತಾಡಿ ಮೌನೇಶ್." ಎಲ್ಲರೂ ನಗುಮುಖದಿಂದ ಅವನತ್ತ ನೋಡಿದರು.

"ಅಕ್ಕಾ" ಎಂದ. "ಆರಾಮೇನ್ರಿ?"

ಶಾಂತಾದೇವಿ, ತೀರಾ ಮಾಮೂಲಿನ ದನಿಯಲ್ಲಿ, "ಆರಾಮು ಕಣೋ. ನೀನು ಮನೆ ಕಡೆ ಬರೋದೇ ಇಲ್ವಲ್ಲ. ಬಾ ಒಂದ್ಸಲ" ಎಂದರು. ಫೋನ್ ಇಟ್ಟರು.

ಮಿಕ್ಕ ಮೀಟಿಂಗಿನಲ್ಲಿ ನಡೆದದ್ದೆಲ್ಲ ಅವನ ಯಶಸ್ಸು. ಜಯನಗರದ ಹಾಲ್‌ನ ವೇದಿಕೆಗೆ ಅಮ್ಮ-ಮಗಳಿಬ್ಬರನ್ನೂ ಕರೆಸಬೇಕು, ಮಗು ಎರಡೇ ಮಾತು ಆಡಿದರೂ ಸಾಕು, ಪೇಪರಿನವರಿಗೆ ಹೇಳೋಣ. "ಇವತ್ತೇ ಹೋಗ್ಬನ್ನಿ" ಎಂದರು ಗಿರಿಜಾದೇವಿ. "ಮನೆಯವ್ರ ಥರ ಇದ್ದೀರ, ನಿಮ್ಮ ಮಾತು ತೆಗೆದುಹಾಕಲ್ಲ." ಸೇತುರಾಮ ಬಂದು ಕೈ ಕುಲುಕಿ, "ಸಖತ್ ಗುರು" ಎಂದ. ಆ ಕೈ ಕುಲುಕಿದ್ದು ಹಿತವಾಗಿತ್ತು. ಅದು ಹಿತವಾಗಿತ್ತು ಎಂಬುದನ್ನು ಮೌನೇಶ ಸಂಜೆ ತಿಲಕ್ ನಗರಕ್ಕೆ ನಡೆಯುವಾಗ ದಾರಿಯುದ್ದಕ್ಕೂ ನೆನೆಸಿಕೊಂಡ, ಹಲ್ಲಿನಲ್ಲಿ ಸಿಕ್ಕಿಕೊಂಡ ನಾರನ್ನು ನಾಲಗೆ ಬಿಟ್ಟುಬಿಡದ ಹಾಗೆ. ಹಣ್ಣಿನ ಅಂಗಡಿಯ ಮುಂದೆ ನಿಂತು, ಸೇಬು ಕೊಳ್ಳುವುದೋ ಬಾಳೆಹಣ್ಣೋ ಎಂದು ಯೋಚಿಸಿದ. ಸೇಬು ತೆಗೆದುಕೊಂಡು ಹೋದರೆ ಆಸ್ಪತ್ರೆಗೆ ಹೋದ ಹಾಗಾಗುತ್ತದೆ. ಏನನ್ನೂ ಕೊಳ್ಳಲಿಲ್ಲ. ಅವನು ಹೋಗುತ್ತಿದ್ದದ್ದು ಕ್ಷಮೆ ಕೇಳಲು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕ್ಷಮೆಯ ಮೊದಲ ವಾಕ್ಯ ಸಿದ್ಧವಾಗಿತ್ತು, ಎರಡನೆಯದೂ. ಎರಡನೆಯದನ್ನು ಮೊದಲಿಟ್ಟರೆ ಇನ್ನೂ ಚೆನ್ನ ಎಂದು ಹೊಳೆದಾಗ ಅವನು ರಸ್ತೆಯ ಮಧ್ಯೆ ನಿಂತುಬಿಟ್ಟ. ಆಟೋದವನೊಬ್ಬ ಬೈದುಕೊಂಡು ಹೋದ.

ಅಂಗಡಿಯಲ್ಲಿ ರೇವಣಸಿದ್ದಪ್ಪನವರು ಒಂದು ಮೋಟಾರಿನ ಹೊಟ್ಟೆಗೆ ತಾಮ್ರದ ತಂತಿ ಸುತ್ತುತ್ತಿದ್ದರು. ತಲೆ ಬೆಳ್ಳಗಾಗಿತ್ತು. ತಂತಿ ಬಿಡದೆ, ಕಣ್ಣೆತ್ತಿ ನೋಡಿ, "ಬಂದ್ಯಾ. ಒಳಗಿದ್ದಾಳೆ, ಹೋಗು" ಎಂದರು, ನೆನ್ನೆ ಸಂಜೆ ಹೋದವನು ಇವತ್ತು ಬಂದಂತೆ. ಒಳಗೆ ಶಾಂತಾದೇವಿ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಹಳೆಯ ಮೊಬೈಲು ಚಾರ್ಜಿಗೆ ಹಾಕಿತ್ತು. ಗೋಡೆಯಲ್ಲಿ ಗಂಧದ ಹಾರ ಹಾಕಿದ ಫೋಟೋ: ಹನ್ನೊಂದರವಳು, ಸಮವಸ್ತ್ರ, ಎರಡು ಜಡೆ, ಹಲ್ಲಿನ ಮೇಲೆ ಹಲ್ಲು. ಮೌನೇಶ ಅದಕ್ಕೆ ಬೆನ್ನು ಹಾಕಿ ಕೂತ. ಹಾಗೆ ಕೂತದ್ದು ಗೊತ್ತಾಗಬಾರದೆಂದು ಸ್ವಲ್ಪ ಓರೆಯಾಗಿ ಕೂತ.

"ಅಕ್ಕಾ, ಬೆಳಿಗ್ಗೆ ಅವ್ರು ಹಂಗ ಫೋನ್ ಮಾಡ್ತಾರಂತ ನನಗ ಗೊತ್ತಿರ್ಲಿಲ್ರಿ" ಎಂದ. ಗಾಬರಿಯಲ್ಲಿ ಊರಿನ ಮಾತು ಬಂದುಬಿಟ್ಟಿತ್ತು. ಸಿದ್ಧವಾಗಿದ್ದ ವಾಕ್ಯಗಳಲ್ಲಿ ಇದು ಇರಲಿಲ್ಲ.

"ಅದಕ್ಕೇನಾಯ್ತು. ದಿನಾ ಮಾಡ್ತಾರೆ." ಅವರು ಸೊಪ್ಪಿನಿಂದ ಕಣ್ಣು ತೆಗೆಯಲಿಲ್ಲ. "ಮೊದಮೊದಲು ಇದ್ದದ್ದನ್ನ ಇದ್ದ ಹಾಗೆ ಹೇಳ್ತಿದ್ದೆ, ತೀರ್ಕೊಂಡ್ಳು ಅಂತ. ಹೇಳಿದ್ರೆ ಅವ್ರು ಅಳೋಕೆ ಶುರು ಮಾಡ್ತಿದ್ರು. ಗುರುತಿಲ್ಲ, ಪರಿಚಯ ಇಲ್ಲ, ಮದ್ರಾಸಿಂದ, ಬಾಂಬೆಯಿಂದ. ನಾನು ಅವ್ರನ್ನ ಸಮಾಧಾನ ಮಾಡ್ಬೇಕು. ಒಲೆ ಮೇಲಿಟ್ಟಿದ್ದು ಸೀದುಹೋಗೋದು. ಆರಾಮಾಗಿದ್ದಾಳೆ ಅಂದ್ರೆ ಥ್ಯಾಂಕ್ಸ್ ಅಂತ ಇಟ್ಬಿಡ್ತಾರೆ."

"ಬೈಯೋರ ಸುದ್ದಿ ಹೇಳು ಅವನಿಗೆ" ಎಂದರು ರೇವಣಸಿದ್ದಪ್ಪನವರು. ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಿದ್ದರು. "ಇವನಿಗೆ ಗೊತ್ತಾಗ್ಲಿ. ಒಬ್ಬ ಕೇಳಿದ, ಸತ್ತು ಎರಡು ವರ್ಷ ಆಯ್ತು ಅಂತೀರಿ, ಇನ್ನೂ ನಾಳೆ ಆಪರೇಷನ್ ಅಂತ ಕಳಿಸ್ತೀರಲ್ಲ, ಸತ್ತ ಮಗು ಹೆಸರಲ್ಲಿ ದಂಧೆ ಮಾಡ್ತೀರಾ, ನಾಚಿಕೆ ಆಗಲ್ವಾ ಅಂತ. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂದ. ನಾನೇ ಎತ್ತಿದ್ದೆ ಅವತ್ತು. ಆಮೇಲೆ ನಾನು ಎತ್ತಲ್ಲ. ಅಂಗಡಿಗೆ ಬೇರೆ ನಂಬರ್ ತಗೊಂಡೆ."

"ಈ ನಂಬರ್ ತೆಗಿಸಿಬಿಡ್ರಿ ಅಣ್ಣಾ" ಎಂದ ಮೌನೇಶ. ಇದನ್ನಾದರೂ ಮಾಡಬಹುದಿತ್ತಲ್ಲ ಎಂದು ಅವನಿಗೆ ನಿಜವಾಗಿ ಅನ್ನಿಸಿತು, ಸ್ವಲ್ಪ ಸಿಟ್ಟೂ ಬಂತು, ಅವರ ಮೇಲೆ.

ರೇವಣಸಿದ್ದಪ್ಪನವರು ಹೆಂಡತಿಯ ಕಡೆ ನೋಡಿದರು. ಶಾಂತಾದೇವಿ ಬೇರುಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. "ತೆಗಿಸ್ದೆ ಅಂತಿಟ್ಕೋ. ಅವಳ ಹೆಸರು ಹಿಡಿದು ಕೇಳೋರು ಇನ್ಯಾರಿದ್ದಾರೆ? ನೆಂಟರು ಬರ್ತಾರೆ, ಮದುವೆ ಮುಂಜಿ ಮಾತಾಡಿ ಹೋಗ್ತಾರೆ, ನನಗೆ ಬೇಜಾರಾಗುತ್ತೆ ಅಂತ ಒಬ್ಬರೂ ಅವಳ ಸುದ್ದಿ ಎತ್ತಲ್ಲ. ಇವ್ರೂ ಎತ್ತಲ್ಲ. ನೀನಂತೂ ಐದು ವರ್ಷದಿಂದ ಈ ಬೀದಿಗೇ ಬಂದಿಲ್ಲ." ಅದರಲ್ಲಿ ಆಪಾದನೆಯ ದನಿಯೇ ಇರಲಿಲ್ಲ, ಸೊಪ್ಪು ಬಾಡಿದೆ ಎಂದಂತೆ ಇತ್ತು. ಆಮೇಲೆ ಅವರು ತಲೆ ಎತ್ತಿ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದರು. "ಬಂದ ಕೆಲಸ ಹೇಳು. ಏನಾಗ್ಬೇಕಿತ್ತು?"

ಸುಳ್ಳು ಹೇಳಲು ಸಮಯವಿತ್ತು. ಸುಮ್ಮನೆ ನೋಡಿಕೊಂಡು ಹೋಗೋಣ ಅಂತ, ಎನ್ನಬಹುದಿತ್ತು. ಅವನು ಶಾಂತಾದೇವಿ ನೀರು ಕುಡಿಯುವವರೆಗೆ ಕಾದ, ಲೋಟ ಕೆಳಗಿಡುವವರೆಗೆ ಕಾದ, ರೇವಣಸಿದ್ದಪ್ಪನವರು ಕುರ್ಚಿಯ ಮೇಲೆ ಕೂರುವವರೆಗೆ ಕಾದ. ಕಾಯುತ್ತಿದ್ದೇನೆ ಎಂಬುದು ಅವನಿಗೆ ಪೂರ್ತಿ ಗೊತ್ತಿತ್ತು. ಆಮೇಲೆ ಹೇಳಿದ. ಆಫೀಸಿನಲ್ಲಿ ತಾನೂ ಆರಾಮಾಗಿದ್ದಾಳೆ ಎಂದೇ ಹೇಳಿರುವುದಾಗಿ, ಮುಂದಿನ ತಿಂಗಳು ಒಂದು ಸಭೆಯಿದೆ, ಜಯನಗರದಲ್ಲಿ, ಮಗು ಬರುವುದು ಬೇಡ, ಪರೀಕ್ಷೆ ಎಂದು ಹೇಳೋಣ, ಅಕ್ಕ ಒಬ್ಬರೇ ಬಂದು ಫೋನಿನಲ್ಲಿ ಹೇಳುವುದನ್ನೇ ಎರಡು ಮಾತು ಹೇಳಿದರೆ, ಎಷ್ಟೋ ಜನ ರಕ್ತ ಕೊಡುತ್ತಾರೆ, ಎಷ್ಟೋ ಮಕ್ಕಳು ಉಳಿಯುತ್ತವೆ. ಕೊನೆಯ ಮಾತು ಹೇಳುವಾಗ ಅವನ ಗಂಟಲು ತಾನಾಗಿಯೇ ಕಟ್ಟಿತು. ಅದು ನಿಜವಾಗಿ ಕಟ್ಟಿತೋ ಇಲ್ಲವೋ ಅವನಿಗೂ ತಿಳಿಯಲಿಲ್ಲ.

ರೇವಣಸಿದ್ದಪ್ಪನವರು ನಕ್ಕರು. ಹೊಟ್ಟೆಯಿಂದ ಬಂದ ನಗು, ಕಣ್ಣಲ್ಲಿ ನೀರು ಬರುವಂಥದ್ದು. "ನಿನಗೆ ಇದರಿಂದ ಏನಾದ್ರೂ ಪ್ರಮೋಷನ್ ಇದೆಯಾ?" ಎಂದು ಕೇಳಿದರು. ಮೌನೇಶ ಇಲ್ಲ ಎಂದು ತಲೆಯಾಡಿಸಿದ. "ಇದೆ ಅಂದುಬಿಡು ಮಾರಾಯ. ಇದೆ ಅಂದ್ರೆ ಅರ್ಥ ಆಗುತ್ತೆ. ಏನೂ ಇಲ್ದೇನೇ ಕೇಳೋಕೆ ಬಂದಿದ್ದೀಯ ಅಂದ್ರೆ ನಾನು ನಿನ್ನ ಏನು ಅಂತ ತಿಳ್ಕೊಳ್ಳೋದು?" ಅವನು ನೆಲ ನೋಡಿದ. ಎದ್ದುಹೋಗು ಎಂದು ಅವರು ಹೇಳಿದ್ದರೆ ಬದುಕಿಕೊಳ್ಳುತ್ತಿದ್ದ. ಅವರು ಹೇಳಲಿಲ್ಲ.

"ನಾನು ಬರಲ್ಲ" ಎಂದರು ಶಾಂತಾದೇವಿ. "ಫೋನಲ್ಲಾದ್ರೆ ಮುಖ ಕಾಣಲ್ಲ. ಅಲ್ಲಿ ಮುಖ ಕಾಣುತ್ತೆ. ಊರು ಬಿಟ್ಟು ಹೋದ್ರು, ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ತು ಅಂತ ನಿಮ್ಮ ಮೇಡಂಗೆ ಹೇಳು. ಅವ್ರಿಗೂ ಬೇಜಾರಾಗಲ್ಲ, ನಿನಗೂ ಏನೂ ಆಗಲ್ಲ." ಅವನ ಸುಳ್ಳನ್ನು ಅವರು ಅವನಿಗಿಂತ ಚೆನ್ನಾಗಿ, ಒಂದು ಎಳೆಯೂ ಬಿಚ್ಚಿಕೊಳ್ಳದಂತೆ ಹೊಲಿದುಕೊಟ್ಟಿದ್ದರು. ಎದೆ ಹಗುರವಾದದ್ದನ್ನು ಮುಚ್ಚಿಡಲು ಅವನು ಕೆಮ್ಮಿದ.

ಅಷ್ಟರಲ್ಲಿ ಸ್ಟೂಲಿನ ಮೇಲಿನ ಮೊಬೈಲು ಹೊಡೆದುಕೊಂಡಿತು. ಶಾಂತಾದೇವಿಯ ಎರಡೂ ಕೈಗೆ ಸೊಪ್ಪಿನ ಮಣ್ಣಿತ್ತು. ಅವರು ಸೆರಗಿಗೆ ಒರೆಸಿಕೊಳ್ಳಲು ಹೋಗಿ ನಿಲ್ಲಿಸಿದರು. "ನೀನೇ ಎತ್ತು" ಎಂದರು.

"ನಾನಾ ಅಕ್ಕಾ?"

"ಎತ್ತು. ನೀನೇ ಬರೆದಿದ್ದಲ್ವಾ."

ರೇವಣಸಿದ್ದಪ್ಪನವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. ಮೌನೇಶ ಫೋನನ್ನು ಕಿವಿಗಿಟ್ಟುಕೊಂಡ. ಎಳೆಯ ದನಿ, ಹುಡುಗ, ಓಡಿ ಬಂದವನಂತೆ ಏದುಸಿರು. ತಾನು ಕೋರಮಂಗಲದಲ್ಲಿದ್ದೇನೆ, ಬಿ ನೆಗೆಟಿವ್, ಈಗಷ್ಟೇ ಮೇಲ್ ನೋಡಿದೆ, ಮಗುವಿಗೆ ನಾಳೆ ಬೆಳಿಗ್ಗೆಯಲ್ಲವೇ, ಈಗಲೇ ಬೈಕ್ ಹತ್ತಿ ಬರಲಾ ಸಾರ್, ಯಾವ ಆಸ್ಪತ್ರೆ. ಕಿವಿಯಲ್ಲಿ ಒಬ್ಬ ಕಾಯುತ್ತಿದ್ದ, ಎದುರಿಗೆ ಇಬ್ಬರು ಕಾಯುತ್ತಿದ್ದರು. ಮೂವರಿಗೂ ಹೊಂದುವ ವಾಕ್ಯ ಕನ್ನಡದಲ್ಲಾಗಲೀ ಇಂಗ್ಲಿಷಿನಲ್ಲಾಗಲೀ ಅವನಿಗೆ ಸಿಗಲಿಲ್ಲ.

"ಹಲೋ ಸಾರ್? ಮಗು ಹೇಗಿದೆ ಸಾರ್?"

"ಆರಾಮ ಅದಾಳ್ರಿ" ಎಂದ ಮೌನೇಶ, ಪ್ರಶ್ನೆ ಮುಗಿಯುವ ಮೊದಲೇ. "ರಕ್ತ ಸಿಕ್ಕೈತಿ. ಎಲ್ಲಾ ಆರಾಮ ಐತಿ. ನೀವ್ ಬರೋದು ಬ್ಯಾಡ್ರಿ."

ಹುಡುಗ ಏನೋ ಕೇಳುತ್ತಿದ್ದ, ನಿಜವಾಗ್ಲೂ ಸಾರ್, ಯಾಕೆ ಹೀಗೆ ಮಾತಾಡ್ತಿದ್ದೀರ, ಏನಾದ್ರೂ ಆಯ್ತಾ ಸಾರ್. ಮೌನೇಶ ಕೆಂಪು ಗುಂಡಿಯನ್ನು ಒತ್ತಿದ. ತಲೆ ಎತ್ತಿದಾಗ ಶಾಂತಾದೇವಿ ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅಡುಗೆ ಕಲಿಯಲು ಬಂದ ಹೊಸ ಸೊಸೆಯ ಕೈಯನ್ನು ನೋಡುವ ಹಾಗೆ ಅವನನ್ನು ನೋಡುತ್ತಿದ್ದರು.

"ಅಷ್ಟು ಬೇಗ ಹೇಳ್ಬಾರ್ದು" ಎಂದರು. "ಅವ್ರು ಕೇಳಿದ ತಕ್ಷಣ ಹೇಳಿಬಿಟ್ರೆ ನಂಬಲ್ಲ. ಒಂದು ಗಳಿಗೆ ಸುಮ್ಮನಿರ್ಬೇಕು. ಅವ್ರಿಗೆ ಸ್ವಲ್ಪ ಭಯ ಆಗ್ಬೇಕು. ಆಮೇಲೆ ಹೇಳ್ಬೇಕು."

ಅವನು ಫೋನನ್ನು ಸ್ಟೂಲಿನ ಮೇಲಿಡಲು ಕೈ ಚಾಚಿದ.

"ಇಡ್ಬೇಡ, ಕೈಲೇ ಇಟ್ಕೋ" ಎಂದು ಶಾಂತಾದೇವಿ ಮತ್ತೆ ಸೊಪ್ಪಿನ ಕಟ್ಟನ್ನು ಎಳೆದುಕೊಂಡರು. "ಆಫೀಸು ಬಿಡೋ ಹೊತ್ತು ಇದು. ಇನ್ನೊಂದು ಬರುತ್ತೆ."